ಪೆರುಮಾಳ್ ಮೇಸ್ಟ್ರ ಬೆವರಿನ ಯೋಗ

ಮುನಿಗಂಗಮ್ಮನ ಬಲಮಂಡಿ ಕೈಕೊಟ್ಟಿದ್ದು ಎಂಬತ್ತಾರನೇ ಇಸವಿಯ ಯುಗಾದಿ ಕಳೆದ ಮೇಲೆ. ಮಂಡಿ ಅವಳದು, ಕೇಡು ಬಂದದ್ದು ಮಾತ್ರ ಹಸುವಿಗೆ. ಚುಕ್ಕಿ ಎಂಬ ಆ ಸೀಮೆಹಸು ಹುಟ್ಟಿದ ಮೂರನೇ ದಿನಕ್ಕೇ ತಾಯಿಯನ್ನು ಕಳಕೊಂಡು, ಮುನಿಗಂಗಮ್ಮನ ಬೆರಳು ಚೀಪಿಕೊಂಡೇ ಹಾಲು ಕುಡಿದು ಬೆಳೆದದ್ದು. ಈಗ ಎರಡು ಕರು ಹಾಕಿದ ಮೇಲೂ ಅವಳನ್ನು ಬಿಟ್ಟು ಇನ್ಯಾರು ಕೆಚ್ಚಲಿಗೆ ಕೈ ಹಾಕಿದರೂ ಹಾಲು ಏರಿಸಿಕೊಂಡು ಕಾಲು ಝಾಡಿಸುತ್ತಿತ್ತು.

ಹಾಲು ಕರೆಯಬೇಕಾದರೆ ಕುಕ್ಕರುಗಾಲಲ್ಲಿ ಕೂರಬೇಕು, ಎರಡು ಮಂಡಿಗಳ ನಡುವೆ ತಂಬಿಗೆ ಇರುಕಿಕೊಳ್ಳಬೇಕು. ಮುನಿಗಂಗಮ್ಮನ ಮಂಡಿ ಅರ್ಧಕ್ಕೆ ಬಗ್ಗಿ ಅಲ್ಲೇ ಮುಷ್ಕರ ಹೂಡುತ್ತಿತ್ತು. ಮಣೆಯ ಮೇಲೆ ಕೂತರೆ ಕಾಲು ನೆಟ್ಟಗೆ ಹಸುವಿನ ಹೊಟ್ಟೆಯ ಕೆಳಗೆ ಹೋಗುತ್ತಿತ್ತು, ಚುಕ್ಕಿಗೆ ಅದೂ ಆಗದು. ಹಾಗಾಗಿ ನಿಂತುಕೊಂಡೇ ಬಗ್ಗಿ, ಸೊಂಟ ಹಿಡಿದುಕೊಂಡು, ಬಂದಷ್ಟು ಹಿಂಡಿಕೊಳ್ಳುತ್ತಿದ್ದಳು. ಅರ್ಧ ಹಾಲು ಕೆಚ್ಚಲಲ್ಲೇ ಉಳಿಯುತ್ತಿತ್ತು.

ಮಗ ಬಚ್ಚಪ್ಪ ಒಂದು ವಾರ ನೋಡಿದ. ಹಾಲು ಹೀಗೆ ನಿಂತರೆ ಕೆಚ್ಚಲು ಬಾವು ಬಂದು ಹಸುವೇ ಕೆಡುತ್ತದೆ, ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಿಂದ ದಳ್ಳಾಳಿಯನ್ನು ಕರೆಸಿ ಕೊಟ್ಟುಬಿಡೋಣ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮುನಿಗಂಗಮ್ಮನಿಗೆ ಸಿಟ್ಟು ಬಂದದ್ದೂ ಅದಕ್ಕೇ. ಮಗನ ಮಾತಲ್ಲಿ ತಪ್ಪಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು.

ಯೋಗದ ಸುದ್ದಿ ತಂದವಳು ಸೊಸೆ ವರಲಕ್ಷ್ಮಿ. ಚುಕ್ಕಿಯ ಹತ್ತಿರ ಹೋಗಿ ಆಗಲೇ ಮೂರು ಸಲ ಒದೆಸಿಕೊಂಡಿದ್ದ ಅವಳಿಗೆ ಅತ್ತೆಯ ಮಂಡಿಯ ಚಿಂತೆ ಅತ್ತೆಗಿಂತ ಹೆಚ್ಚಾಗಿತ್ತು. ಕೋರಮಂಡಲ್‌ನಲ್ಲಿ ಪೆರುಮಾಳ್ ಅಂತ ಒಬ್ಬರು ಚಿನ್ನದ ಗಣಿಯಿಂದ ರಿಟೈರಾದವರು ಯೋಗ ಹೇಳಿಕೊಡುತ್ತಾರಂತೆ, ಭಾನುವಾರ ಮಧ್ಯಾಹ್ನ ಹೆಂಗಸರಿಗಂತೆ, ಎಂಥ ಮಂಡಿಯಾದರೂ ಬಗ್ಗಿಸುತ್ತಾರಂತೆ ಎಂದು ಡೈರಿಯ ಕ್ಯೂನಲ್ಲಿ ಕೇಳಿಕೊಂಡು ಬಂದಿದ್ದಳು. ಯೋಗ ಎಂದರೆ ಜಡೆ ಬಿಟ್ಟ ಸನ್ಯಾಸಿಗಳ ಕಸುಬು ಎಂದು ತಿಳಿದಿದ್ದ ಮುನಿಗಂಗಮ್ಮ ಮೂಗು ಮುರಿದಳು. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಭಾನುವಾರ ಊರಿಗೆ ಹೋಗುವಾಗ ಉಡುವ ಹಸಿರು ಸೀರೆ ಉಟ್ಟು ಕ್ಯಾಸಂಬಳ್ಳಿಯಿಂದ ಬರುವ ಬಸ್ಸು ಹತ್ತಿ ಕೋರಮಂಡಲ್‌ನಲ್ಲಿ ಇಳಿದಳು.

ತಗಡಿನ ಶೆಡ್ಡು. ಏಪ್ರಿಲ್ ತಿಂಗಳು. ಕಿಟಕಿಗಳಿಗೆಲ್ಲ ಗೋಣಿಚೀಲ ಹೊಡೆದಿತ್ತು. ಅದೂ ಸಾಲದೆಂದು ನಾಲ್ಕು ಮೂಲೆಯಲ್ಲಿ ನಾಲ್ಕು ಹಂಡೆ ಕುದಿಯುವ ನೀರು ತಂದಿಟ್ಟಿದ್ದರು. ಒಳಗೆ ಕಾಲಿಟ್ಟ ಕೂಡಲೇ ಮುನಿಗಂಗಮ್ಮನಿಗೆ ಇಡ್ಲಿಗಳ ಕಷ್ಟ ಅರ್ಥವಾಯಿತು. ಕಿಟಕಿ ಒಂದಾದರೂ ತೆಗೆಯಿರಿ ಎಂದು ಕೇಳಿದಳು. ಒಣಕಲು ಮೈಯ, ಬನಿಯನ್ನಿನ ಪೆರುಮಾಳ್ ನಕ್ಕರು.

“ಮೂವತ್ತು ವರ್ಷ ಭೂಮಿ ಒಳಗೆ ಬೆಂದಿದೀನಮ್ಮಾ. ಅಲ್ಲಿ ಒಂದು ದಿನಾನೂ ಮಂಡಿ ನೋಯ್ಲಿಲ್ಲ. ಮೇಲೆ ಬಂದು ಗಾಳಿ ತಾಗಿದ್ಮೇಲೇ ಎಲ್ಲಾ ಹಿಡ್ಕೊಂಡಿದ್ದು. ಕಬ್ಬಿಣ ಕಾದ್ರೇನೇ ಬಗ್ಗೋದು.”

ಆಮೇಲೆ ಒಂದು ಗಂಟೆ ಅವಳು ಪಟ್ಟ ಪಾಡು ಹೇಳತೀರದು. ಕೈ ಮೇಲೆತ್ತಿ ಎಂದರು, ಎತ್ತಿದಳು. ಒಂಟಿ ಕಾಲಲ್ಲಿ ನಿಲ್ಲಿ ಎಂದರು, ಪಕ್ಕದವಳ ಮೇಲೆ ಬಿದ್ದಳು. ಆಕೆ ತನ್ನ ಪಕ್ಕದವಳ ಮೇಲೆ ಬಿದ್ದಳು. ಮೇಸ್ಟ್ರು ಮಾತ್ರ ಒಂಟಿ ಕಾಲಲ್ಲೇ ಸಮಾಧಾನ ಹೇಳುತ್ತಿದ್ದರು. ಬೆವರು ಹಣೆಯಿಂದ ಮೂಗಿಗೆ, ಕತ್ತಿನಿಂದ ಬೆನ್ನಿಗೆ ಇಳಿದು, ಹಸಿರು ಸೀರೆ ಹಿಂಡಿದರೆ ತಂಬಿಗೆ ತುಂಬುವಷ್ಟಾಯಿತು. ಕಡೆಗೆ ಕುಕ್ಕರುಗಾಲಲ್ಲಿ ಕೂರುವುದು ಬಂತು. ಮುನಿಗಂಗಮ್ಮ ಮನೆದೇವರನ್ನು ನೆನೆದು ಬಗ್ಗಿದಳು. ಮಂಡಿ ಲಟಕ್ಕೆಂದಿತು, ಬಗ್ಗಿತು, ಅವಳು ಕೂತಳು! ಅಳು ಬಂದೇಬಿಟ್ಟಿತು. ಆ ಬೆವರಿನಲ್ಲಿ ಕಣ್ಣೀರು ಯಾರಿಗೂ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತಣ್ಣಗೆ ಗಾಳಿ ಕುಡಿಯುತ್ತಾ ಬಂದಳು. ಊರಲ್ಲಿ ಇಳಿಯುವ ಹೊತ್ತಿಗೆ ಮಂಡಿ ಮರದ ಕೊರಡಾಗಿತ್ತು. ಮೊದಲು ಅರ್ಧಕ್ಕಾದರೂ ಬಗ್ಗುತ್ತಿದ್ದುದು ಈಗ ಕಾಲು ಭಾಗಕ್ಕೂ ಬಗ್ಗುತ್ತಿರಲಿಲ್ಲ.

ಮನೆಗೆ ಬಂದವಳೇ ಕೊಟ್ಟಿಗೆಗೆ ಅಂಟಿಕೊಂಡಿದ್ದ ಬಚ್ಚಲಿಗೆ ಹೋಗಿ, ಒದ್ದೆ ಸೀರೆ ಸುತ್ತಿ ಕೊಟ್ಟಿಗೆಯ ಗಳುವಿನ ಮೇಲೆ ಎಸೆದು, ಲಂಗದಲ್ಲೇ ಬಿಸಿನೀರ ಹಂಡೆಯ ಪಕ್ಕ ಕೂತಳು. ಬೆಳಗಾದರೆ ದಳ್ಳಾಳಿ ಬರುತ್ತಾನೆ. ಕರುವಾಗಿದ್ದಾಗ ಚುಕ್ಕಿ ಬೆರಳು ಚೀಪುತ್ತಿದ್ದುದು ನೆನಪಾಗಿ, ಆ ಬೆರಳುಗಳನ್ನೇ ನೋಡಿಕೊಂಡಳು.

ಆಚೆ ಕೊಟ್ಟಿಗೆಯಲ್ಲಿ ವರಲಕ್ಷ್ಮಿ ಕಡೆಯ ಸಲ ಎಂದು ತಂಬಿಗೆ ಹಿಡಿದು ಹೋದಳು. ಚುಕ್ಕಿ ಒಂದೇ ಒದೆತಕ್ಕೆ ಅವಳನ್ನು ಗಂಜಳದ ಗುಂಡಿಗೆ ಕೂರಿಸಿತು. ಸೊಸೆ ಬೈದುಕೊಳ್ಳುತ್ತಾ ಎದ್ದು, ನಾರುವ ಸೀರೆ ಬಿಚ್ಚಿ ಬಿಸಾಕಿ, ಕೈಗೆ ಸಿಕ್ಕ ಹಸಿರು ಸೀರೆಯನ್ನು ಹೇಗೋ ಸುತ್ತಿಕೊಂಡು, ಹಠಕ್ಕೆ ಬಿದ್ದವಳಂತೆ ಮತ್ತೆ ಕೂತಳು.

ಮುನಿಗಂಗಮ್ಮ ಇನ್ನೊಂದು ಒದೆತದ ಸದ್ದಿಗೆ ಕಾದಳು. ಬಂದದ್ದು ಬೇರೆ ಸದ್ದು. ಸೊರ್, ಸೊರ್, ಸೊರ್. ತುಂಬಿದ ಕೆಚ್ಚಲಿನಿಂದ ತಂಬಿಗೆಗೆ ಬೀಳುವ ಹಾಲಿನ ಸದ್ದು. ಬಚ್ಚಲಿಗೂ ಕೊಟ್ಟಿಗೆಗೂ ನಡುವಿನ ಗರಿಯ ತಡಿಕೆಯ ಸಂದಿನಲ್ಲಿ ಇಣುಕಿದಳು. ಚುಕ್ಕಿ ಕತ್ತು ತಿರುಗಿಸಿ ಸೊಸೆಯ ಭುಜವನ್ನು, ಹಸಿರು ಸೆರಗನ್ನು, ಉಪ್ಪು ಸಿಕ್ಕಿದಂತೆ ನೆಕ್ಕುತ್ತಾ ನಿಂತಿತ್ತು.

ಮುನಿಗಂಗಮ್ಮನಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ. ಹಡೆದವಳಂತೆ ಸಾಕಿದವಳು ಇಲ್ಲಿ ಲಂಗದಲ್ಲಿ ಕೂತಿದ್ದಾಳೆ, ನಿನ್ನೆ ಮೊನ್ನೆ ಬಂದವಳಿಗೆ ಹಾಲು! ಹೊರಗೆ ಹೋಗೋಣವೆಂದರೆ ಉಡಲು ಸೀರೆಯೂ ಇಲ್ಲ. ತಂಬಿಗೆ ತುಂಬಿಸಿಕೊಂಡು ಸೊಸೆ ತಡಿಕೆಯ ಹತ್ತಿರ ಬಂದಳು.

“ಅತ್ತಮ್ಮ, ನಂಗ್ ಕೊಟ್ಟಿದ್ದಲ್ಲ ಇದು. ನಿಮ್ ಬೆವ್ರಿಗೆ ಕೊಟ್ಟಿದ್ದು. ನಾನು ಬರೀ ಕೈ ಆಡಿಸ್ದೆ.”

ಮುನಿಗಂಗಮ್ಮನ ಉರಿ ಅಲ್ಲೇ ಆರಿಹೋಯಿತು. ಅಂಗಳದಲ್ಲಿ ಬಚ್ಚಪ್ಪನ ಸೈಕಲ್ ನಿಂತ ಸದ್ದು ಕೇಳಿದ್ದೇ, ಬಚ್ಚಲಿನಿಂದಲೇ ಕೂಗಿದಳು.

“ಲೇ ಬಚ್ಚ, ಆ ದಳ್ಳಾಳಿಗೆ ಬರಬ್ಯಾಡ ಅಂತ ಯೋಳೋಗ್ಲಾ. ಚುಕ್ಕಿ ಎಲ್ಗೂ ಓಗಾಕಿಲ್ಲ.”

ಆ ಸೀರೆಯನ್ನು ಒಗೆಯದೆ, ವರಲಕ್ಷ್ಮಿ ದಿನಾ ಅದನ್ನೇ ಉಟ್ಟು ಹಾಲು ಕರೆದಳು. ನಾಲ್ಕನೇ ದಿನಕ್ಕೆ ಅದು ಮನುಷ್ಯರಾದವರು ಹತ್ತಿರ ಸುಳಿಯದ ಸ್ಥಿತಿಗೆ ಬಂತು, ಬಚ್ಚಪ್ಪ ಜಗಲಿಯಲ್ಲಿ ಮಲಗತೊಡಗಿದ. ಚುಕ್ಕಿಯೋ, ತಂಬಿಗೆ ಬಿಟ್ಟು ಬಿಂದಿಗೆ ತನ್ನಿ ಎನ್ನುವಂತೆ ಕೊಟ್ಟಿತು. ಆರನೇ ದಿನ ವಾಸನೆ ಇಳಿಯಿತು, ಹಾಲೂ ಇಳಿಯಿತು.

ಭಾನುವಾರ ಪೆರುಮಾಳ್ ಮೇಸ್ಟ್ರು ಶೆಡ್ಡಿನ ಬಾಗಿಲಲ್ಲಿ ಮುನಿಗಂಗಮ್ಮನನ್ನು ತಡೆದರು. ಈ ಸೆಕೆಯಲ್ಲಿ ಒಂದರ ಮೇಲೊಂದು ಎರಡು ಸೀರೆ ಯಾಕಮ್ಮಾ ಉಟ್ಟಿದ್ದೀರಿ ಎಂದು ಕೇಳಿದರು.

“ಒಂದು ಬೆಳಗ್ನ ಆಲ್ಗೆ, ಒಂದು ಸಾಯಂಕಾಲದ್ಕೆ” ಎಂದು ಹೇಳಿ, ಮುನಿಗಂಗಮ್ಮ ಹಂಡೆಯ ಪಕ್ಕದ ಜಾಗವನ್ನೇ ಹಿಡಿದು ನಿಂತಳು.