ಒಂದು ಡಬ್ಬಿ ಹಸಿರು

ಎಡಗಾಲಿನ ಬೂಟಿನೊಳಗೆ ಕಲ್ಲೊಂದು ಸೇರಿಕೊಂಡಿತ್ತು, ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ, ಕಲ್ಲು ತೆಗೆಯಬೇಕೆಂದರೆ ಬೂಟು ಕಳಚಬೇಕು, ಕಳಚಿದರೆ ಕೆಸರಿನಲ್ಲಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಲ್ಲಬೇಕು, ಹಾಗೆ ನಿಂತಾಗಲೇ ಹಸಿರು ನೀರು ಕಾಲುವೆಗೆ ಬಂದುಬಿಟ್ಟರೆ ಅವಳ ಕಣ್ಣು ತಪ್ಪುತ್ತದೆ — ಬರಲಿ, ಬೇಗ ಬರಲಿ, ಆಲೂಗಡ್ಡೆ ಹೊಲ ಕೆರೆಯಾಗಿ ಕೂತಿದೆ, ನಾಳೆಯೂ ನೀರು ಹೀಗೇ ನಿಂತರೆ ಗಡ್ಡೆಯೆಲ್ಲ ಕೊಳೆತು ನಾರುತ್ತದೆ, ಈ ಮಳೆಗೇನು ಬಂದಿದೆ ರೋಗ, ಮೊದಲೆಲ್ಲ ತಿಂಗಳುಗಟ್ಟಲೆ ಕೈ ಬಿಗಿಹಿಡಿದು ಸುರಿಯುತ್ತಿದ್ದದ್ದು ಈಗ ಒಂದೇ ಮಧ್ಯಾಹ್ನ ಕೊಡ ಬೋರಲು ಹಾಕಿ ಹೋಗುತ್ತದೆ, ಅಪ್ಪ ನೀರು ಬಸಿಯಲೆಂದು ಹೊಲದಡಿ ಹೂತ ಸುಟ್ಟಮಣ್ಣಿನ ಕೊಳವೆಗಳು ಆ ಹಳೇ ಮರ್ಯಾದಸ್ಥ ಮಳೆಗೆಂದು ಹೂತಂಥವು, ಹೂತದ್ದು ಸರಿ, ಕೊಳವೆಯ ಬಾಯಿ ಎಲ್ಲಿ ತೆರೆಯುತ್ತದೆಂದು ಒಂದು ಮಾತು ಹೇಳಿ ಹೋಗಬಾರದಿತ್ತೇ, ಕೇಳಿದಾಗಲೆಲ್ಲ ನೀರಿಗೆ ಗೊತ್ತು ಬಿಡು ಮಗಳೇ ಅಂತಿದ್ದ, ನೀರನ್ನೇ ಕೇಳ್ತಿದೀನಪ್ಪ ಈಗ — ಪೈಪಿನವನು ಬಣ್ಣದ ಡಬ್ಬಿ ಕೈಗಿಟ್ಟು, ಕೊಳವೆಗೆ ನೀರಿಳಿಯುವ ಮೇಲಿನ ಗುಂಡಿಗೆ ಒಂದು ಚಮಚ ಹಾಕಿ ಅಮ್ಮ, ಎಲ್ಲಿ ಹಸಿರು ಬರುತ್ತೋ ಅಲ್ಲಿದೆ ಬಾಯಿ, ಒಂದೇ ಚಮಚ ಮತ್ತೆ, ಅಂದಿದ್ದ, ಅಷ್ಟು ದೊಡ್ಡ ಹೊಲಕ್ಕೆ ಒಂದು ಚಮಚವೇ, ಇದೇನು ಕೆಮ್ಮಿನ ಔಷಧಿಯೇ, ಅವಳು ಬೆಳಿಗ್ಗೆಯೇ ಡಬ್ಬಿ ಪೂರ್ತಿ ಬಗ್ಗಿಸಿ ತಳ ಬೇರೆ ತಟ್ಟಿದ್ದಳು — ಕಾಲುವೆಯಲ್ಲಿ ಇನ್ನೂ ಅದೇ ಟೀ ಬಣ್ಣ, ಕಪ್ಪೆಯೊಂದು ಅವಳನ್ನೇ ನೋಡುತ್ತಿದೆ, ನೋಡು, ನಿನಗೇನು ಬೇರೆ ಕೆಲಸ — ಫೋನು, ಕೈಯೆಲ್ಲ ಕೆಸರು, ಪಕ್ಕದ ಹೊಲದಿಂದ ತಮ್ಮ, ಅಕ್ಕಾ ನೀನೇನಾದ್ರೂ ಮಾಡಿದ್ಯಾ, ನನ್ನ ಬಾತುಕೋಳಿಗಳೆಲ್ಲ ಹಸಿರಾಗಿವೆ. ಎಷ್ಟು ಹಸಿರೋ. ಬಟಾಣಿ ಹಸಿರು ಕಣಕ್ಕಾ, ಇವಳು ನಿಂತು ಫೋಟೋ ತೆಗೀತಿದಾಳೆ — ಅವಳಿಗೆ ನಗು ಬಂತು, ಹಾಗಾದರೆ ಕೊಳವೆಯ ಬಾಯಿ ಅವನ ಕೊಳದೊಳಗೆ, ಹೋದ ಬೇಸಿಗೆಯಲ್ಲಿ ಏರಿ ಎತ್ತರಿಸಿ, ನನ್ನ ಕೊಳ ಬತ್ತೋದೇ ಇಲ್ಲ ನೋಡಿ ಅಂತ ಕಂಡಕಂಡವರ ಮುಂದೆ ಮೀಸೆ ತಿರುವಿದನಲ್ಲ, ಆ ಕೊಳದ ನೀರಿನಡಿ ಮುಳುಗಿ ಕೂತಿದೆ, ಬತ್ತುವುದಾದರೂ ಹೇಗೆ, ಅಕ್ಕನ ಹೊಲ ಅದಕ್ಕೆ ಮೊಲೆಯೂಡುತ್ತಿರುವಾಗ — ಏರಿ ಕಡಿಯೋ. ಈಗಷ್ಟೇ ಮೀನು ಬಿಟ್ಟಿದೀನಿ ಅಕ್ಕ. ಬಲೆ ಕಟ್ಟಿ ಕಡಿ, ಇಲ್ದಿದ್ರೆ ನಾಳೆ ಕೆಂಪು ಡಬ್ಬಿ ತರ್ತೀನಿ. ಆ ಕಡೆ ಬಾತುಗಳ ಗದ್ದಲ, ಗುದ್ದಲಿ ಎಲ್ಲಿಟ್ಟೆ ಅಂತ ಹೆಂಡತಿಯನ್ನು ಗದರುವ ದನಿ, ನೀವೇ ಇಟ್ಟಿದ್ದು ಹುಡುಕ್ಕೊಳ್ಳಿ ಎಂಬ ಅವಳ ಉತ್ತರ — ಇದು ಈ ಮಳೆಗಾಯಿತು, ಮುಂದಿನದಕ್ಕೆ ಅಗಲದ ಕೊಳವೆಯೇ ಬೇಕು, ಪೈಪಿನವನಿಗೆ ಡಬ್ಬಿಯ ಸಂಗತಿ ಹೇಗೆ ಹೇಳುವುದು — ಬಟಾಣಿ ಹಸಿರು ಬಾತುಗಳು — ಅಗೆಯುವುದಾದರೆ ತಮ್ಮನೂ ಹೆಗಲು ಕೊಡಲಿ, ಎಷ್ಟಾದರೂ ಅಪ್ಪನ — ಸಾಲಾಗಿ, ಏನೂ ಆಗಿಲ್ಲವೆಂಬಂತೆ ಕತ್ತೆತ್ತಿ ತೇಲುವ ಹಸಿರು ಬಾತುಗಳು.

ಸಂಜೆಯೊಳಗೆ ನೀರು ಇಳಿಯಿತು. ಆಲೂಗಡ್ಡೆ ಉಳಿಯಿತು.