ಡಬ್ಬಿಯಲ್ಲಿ ಎರಡು ಕಡಲೆ

ಅಮೆರಿಕದ ಯಾವುದೋ ರಾಜ್ಯದಲ್ಲಿ ಗರ್ಭಪಾತ ಹೆಂಗಸಿನ ಹಕ್ಕು ಹೌದೋ ಅಲ್ಲವೋ ಎಂದು ಜನ ಮತ ಹಾಕುವವರಿದ್ದರು. ಅದಕ್ಕಾಗಿ ಮಸ್ಕತ್ತಿನ ಅಲ್ ಮವಾಲೇಹ್‌ನ ಒಂದು ಫ್ಲ್ಯಾಟಿನಲ್ಲಿ ನಾವು ಜಪಮಾಲೆ ಹಿಡಿದು ಮೊಣಕಾಲೂರಬೇಕಾಯಿತು. ಆಸ್ವಾಲ್ಡನ ತಮ್ಮ ಆ ರಾಜ್ಯದಲ್ಲಿದ್ದಾನೆ. 'ಬೇಡ' ಎನ್ನುವವರು ಗೆಲ್ಲಲೆಂದು ಪ್ರಾರ್ಥಿಸಿ ಎಂದು ಅವನು ಅಲ್ಲಿಂದ ಮೆಸೇಜು ಕಳಿಸಿದ. ಆಸ್ವಾಲ್ಡ್ ಇಲ್ಲಿ ಶುಕ್ರವಾರ ಸಂಜೆ ಎಲ್ಲರನ್ನೂ ಮನೆಗೆ ಕರೆದ. ಅವನು ಕರೆದರೆ ಬರುವುದಿಲ್ಲ ಎನ್ನುವ ಧೈರ್ಯ ನಮ್ಮ ಮಂಗಳೂರಿನವರಲ್ಲಿ ಅರ್ಧ ಜನಕ್ಕಿಲ್ಲ. ಅವರಿಗೆ ಕೆಲಸ ಕೊಡಿಸಿದವನು ಅವನೇ.

ನನ್ನ ಅಕ್ಕನ ಮಗಳು ರೆನಿಟಾಳ ಗಂಡ ಗ್ಲಾಡ್ವಿನ್ ಆ ಹೆದರುಪುಕ್ಕಲರಲ್ಲಿ ಮೊದಲನೆಯವನು.

ರೆನಿಟಾ ಐದು ತಿಂಗಳ ಬಸುರಿ. ಮಗುವಿಗೆ ತಲೆಬುರುಡೆಯೇ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದಿತ್ತು. ಗರ್ಭ ತೆಗೆಯುವುದು ಇಲ್ಲಿ ನಮ್ಮಿಂದಾಗುವುದಿಲ್ಲ, ತಡಮಾಡದೆ ಊರಿಗೆ ಹೋಗಿ ಎಂದಿದ್ದರು ಡಾಕ್ಟರು. ನಮ್ಮ ಮೂವರನ್ನು ಬಿಟ್ಟರೆ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗಂಡ ಜೊತೆಗೆ ಬರಬೇಕು ಎನ್ನುವುದೊಂದೇ ಅವಳ ಹಟ. ಅವನು ನಾಳೆ, ನಾಡಿದ್ದು ಎಂದು ದೂಡುತ್ತಿದ್ದ.

ಅವತ್ತು ನಾವಿರುವ ರೂವಿಯಿಂದ ಕಾರಿನಲ್ಲಿ ಬರುವಾಗ ಅವಳು, "ಇವತ್ತು ಹೋಗ್ಲೇಬೇಕಾ?" ಎಂದಳು.

"ಹೋಗದಿದ್ರೆ ಆಸ್ವಾಲ್ಡ್ ಅಂಕಲ್‌ಗೆ ಬೇಜಾರಾಗ್ತದೆ ರೆನಿ. ನಾನು ನಿನ್ನ ಕಡೆಯವನೇ ಅಲ್ವಾ? ಇದೊಂದು ಮುಗೀಲಿ, ನಾಳೆಯೇ ಟಿಕೆಟ್."

"ನಿನ್ನ ನಾಳೆಗೆ ಅವಳ ಹೊಟ್ಟೆ ಕಾಯ್ತದಾ ಮಾರಾಯ?" ಎಂದೆ ಹಿಂದಿನ ಸೀಟಿನಿಂದ.

"ಹಿಲ್ಡಾ ಮಾವ್ಶಿ, ನೀವು ಸ್ವಲ್ಪ ಸುಮ್ಮನಿರಿ," ಎಂದ ಅವನು ಈ ಚಿಕ್ಕಮ್ಮನಿಗೆ.

ಪ್ರಾರ್ಥನೆ ಮುಗಿಯಿತು. ಆಸ್ವಾಲ್ಡನ ಹೆಂಡತಿ ಹೇಝಲ್ ಖರ್ಜೂರ, ಬೇಯಿಸಿದ ಕಾಬೂಲಿ ಕಡಲೆ ತಂದಿಟ್ಟಳು. ರೆನಿಟಾಳ ಹೊಟ್ಟೆ ಸವರಿ, "ಎಂಥಾ ಒದೆ ನೋಡಿ! ಹುಡುಗನೇ ಇದು," ಎಂದಳು. ರೆನಿಟಾ ಗೋಡೆ ನೋಡಿದಳು.

ಅಷ್ಟರಲ್ಲಿ ಆಸ್ವಾಲ್ಡ್ ಬಿಸ್ಕಿಟಿನ ಖಾಲಿ ಡಬ್ಬಿ ತಂದು ಅದರ ಮೇಲೆ ಟವೆಲು ಹೊದೆಸಿದ.

"ನಾವೂ ವೋಟ್ ಹಾಕುವ. ಮಕ್ಕಳಿಗೂ ಗೊತ್ತಾಗ್ಲಿ. ಗರ್ಭಪಾತ ಬೇಡ ಅನ್ನುವವರು ಖರ್ಜೂರದ ಬೀಜ ಹಾಕಿ. ಬೇಕು ಅನ್ನುವ ಪಾಪಿಗಳಿದ್ರೆ ಕಡಲೆ. ಮುಷ್ಟಿ ಕಟ್ಟಿ ಟವೆಲಿನ ಅಡಿಗೆ ಕೈ ಹಾಕಿ, ಯಾರೂ ನೋಡುವುದಿಲ್ಲ. ಫೋಟೋ ತೆಗೆದು ತಮ್ಮನಿಗೆ ಕಳಿಸ್ತೇನೆ. ರೆನಿಟಾ ಬಾ, ಬಸುರಿಯದ್ದೇ ಮೊದಲ ವೋಟ್!"

"ಅಂಕಲ್, ಐ ಡೋಂಟ್ ಲೈಕ್ ಡೇಟ್ಸ್," ಎಂದಿತು ಒಂದು ಮಗು. ಎಲ್ಲರೂ ನಕ್ಕರು.

ಏಳುವ ಮೊದಲು ರೆನಿಟಾ ಗಂಡನ ಕಿವಿಗೆ ಬಾಗಿದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. "ನನಗೋಸ್ಕರ ಕಡಲೆ ಹಾಕ್ತೀಯಾ? ಯಾರಿಗೂ ಗೊತ್ತಾಗುವುದಿಲ್ಲ." ಅವನು ಹೂಂ ಎಂದು ತಲೆಯಾಡಿಸಿದ.

ಒಬ್ಬೊಬ್ಬರಾಗಿ ಎಲ್ಲರೂ ಹಾಕಿದೆವು. ಆಸ್ವಾಲ್ಡ್ ಟವೆಲು ತೆಗೆದು ಡಬ್ಬಿಯನ್ನು ತಟ್ಟೆಗೆ ಬೋರಲು ಹಾಕಿದ. ಬೀಜದ ರಾಶಿಯ ನಡುವೆ ಎರಡು ಕಡಲೆ.

ರೆನಿಟಾ ಗಂಡನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಸ್ಕ್ಯಾನಿಂಗ್ ಆದ ದಿನದಿಂದ ಅವಳ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. ಒಂದು ಕಡಲೆ ತನ್ನದು, ಇನ್ನೊಂದು ಗಂಡನದು ಎಂದುಕೊಂಡಿದ್ದಳು. ನಾನೂ ಕಡಲೆಯನ್ನೇ ಹಾಕಿದ್ದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅಂದರೆ ಗ್ಲಾಡ್ವಿನ್ ಹಾಕಿದ್ದು ಬೀಜ. ಟವೆಲಿನ ಅಡಿಯಲ್ಲಿ, ದೇವರಲ್ಲದೆ ಯಾರೂ ನೋಡದ ಜಾಗದಲ್ಲಿಯೂ ಅವನ ಕೈ ಹೆದರಿದ್ದು ಆಸ್ವಾಲ್ಡನಿಗೆ.

ಅವಳ ಮುಖ ನೋಡಿ, ಹೇಳುವುದು ಬೇಡ ಎಂದುಕೊಂಡೆ.

"ಯಾರು ಮಾರ್ರೆ ಈ ಇಬ್ಬರು? ಹೊಟ್ಟೆಯಲ್ಲಿ ಇದ್ದದ್ದನ್ನೇ ಕೊಲ್ಲುವವರು?" ಎಂದ ಆಸ್ವಾಲ್ಡ್.

"ಯಾರೋ ತಲೆ ಕೆಟ್ಟವರು ಅಂಕಲ್, ಬಿಡಿ," ಎಂದು ಗ್ಲಾಡ್ವಿನ್ ನಕ್ಕ. ಅವನ ಕೈ ಇನ್ನೂ ಅವಳ ಕೈಯೊಳಗೇ ಇತ್ತು. ಆ ನಗು ಕಂಡು ನನ್ನ ಮೈ ಉರಿದುಹೋಯಿತು.

"ಹಲ್ಲು ಕಿರಿಯಬೇಡ. ಆ ತಲೆ ಕೆಟ್ಟವರಲ್ಲಿ ಒಬ್ಬಳು ನಾನು," ಎಂದೆ.

ಹೇಝಲ್ ಶಿಲುಬೆಯ ಗುರುತು ಹಾಕಿಕೊಂಡಳು. ರೆನಿಟಾ ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಆಮೇಲೆ ಗಂಡನನ್ನು.

"ನಿಜವಾ ಮಾವ್ಶಿ?"

"ನಿಜ."

ಅವನ ಕೈ ಬಿಟ್ಟು ಎದ್ದು ನಿಂತಳು. "ಇನ್ನೊಂದು ನನ್ನದು," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಗ್ಲಾಡ್ವಿನ್ ಹೆಂಡತಿಯ ಕಡೆ ತಿರುಗಲಿಲ್ಲ, ಆಸ್ವಾಲ್ಡನ ಕಡೆ ತಿರುಗಿದ. "ಅವಳಿಗೆ ಹುಷಾರಿಲ್ಲ ಅಂಕಲ್. ಪ್ರೆಗ್ನೆನ್ಸಿ ಟೆನ್ಶನ್."

ನಾವಿಬ್ಬರೂ ಟ್ಯಾಕ್ಸಿ ಹಿಡಿದು ರೂವಿಗೆ ಬಂದೆವು. ದಾರಿಯಲ್ಲಿ ಅವಳು ಅಳಲಿಲ್ಲ. ಟಿಕೆಟ್ ಎಷ್ಟು ಬೇಗ ಸಿಗ್ತದೆ ಎಂದಷ್ಟೇ ಕೇಳಿದಳು.

ಹಿಲ್ಡಾ ತನ್ನ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಸಂಸಾರ ಉಳಿಯುತ್ತಿತ್ತು ಎಂದು ಹೇಝಲ್ ಈಗ ಮನೆಮನೆಗೆ ಹೇಳಿಕೊಂಡು ತಿರುಗುತ್ತಿದ್ದಾಳಂತೆ. ತಿರುಗಲಿ. ಆ ನಗುವಿನ ಜೊತೆ ಅವಳು ಸಂಸಾರ ಮಾಡಿ ತೋರಿಸಲಿ.

ಮಂಗಳೂರಿನ ವಿಮಾನಕ್ಕೆ ಕಾಯುತ್ತಿದ್ದಾಗ ಗ್ಲಾಡ್ವಿನ್‌ನ ಫೋನು ಬಂತು. ರೆನಿಟಾ ಸ್ಪೀಕರಿಗೆ ಹಾಕಿದಳು. ಬರುತ್ತೇನೆ ಎನ್ನುತ್ತಾನೇನೋ ಎಂದು ಅವಳು ಒಂದು ಕ್ಷಣ ಉಸಿರು ಹಿಡಿದದ್ದು ನನಗೆ ಕಂಡಿತು.

"ರೆನಿ, ಆಸ್ವಾಲ್ಡ್ ಅಂಕಲ್ ಕೇಳಿದ್ರೆ ಎಂತ ಹೇಳ್ಲಿ?"

"ನಿನಗೆ ತೋಚಿದ್ದು ಹೇಳು. ನನ್ನ ಹತ್ತಿರ ಸುಳ್ಳು ಹೇಳಿ ಅಭ್ಯಾಸ ಉಂಟಲ್ಲ," ಎಂದು ಅವಳು ಫೋನು ಆಫ್ ಮಾಡಿದಳು. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಗೇಟು ತೆರೆಯುವವರೆಗೂ ಹಾಗೆಯೇ ಕೂತಿದ್ದಳು.