ಬಿಳಿ ಟೇಪು

ಮನೆಯ ಯಜಮಾನರು ಮೊಪೆಡ್ ನಿಲ್ಲಿಸುವಷ್ಟರಲ್ಲಿ ನೀರು ಹೊಸ್ತಿಲು ದಾಟಿ ಅಂಗಳಕ್ಕಿಳಿದಿತ್ತು. ಬಾಡಿಗೆಗಿದ್ದ ಟೈಲರಮ್ಮ, ಹೊಲಿದಿಟ್ಟ ಸಮವಸ್ತ್ರಗಳನ್ನು ಎದೆಗವಚಿಕೊಂಡು ಪಕ್ಕದ ಮನೆಯ ಜಗಲಿಗೆ ಸಾಗಿಸುತ್ತಿದ್ದಳು.

"ಮೇನ್ ಸ್ವಿಚ್ ಆಫ್ ಮಾಡಿದ್ಯೇನಮ್ಮಾ?" ಯಜಮಾನರು ಗೇಟಿನಿಂದಲೇ ಕೂಗಿದರು.

"ಮಾಡಿದೀನಿ ಯಜಮಾನ್ರೇ. ಸ್ವಿಚ್ ಬೋರ್ಡಿಗೂ ನೀರು ಹೊಡೆದಿದೆ. ನಾಳೆ ಇಷ್ಟೂ ಬಟ್ಟೆ ಕೊಡ್ಬೇಕು, ಬೇಗ ಬನ್ನಿ!"

ಊರಾಚೆ ಹೊಲಗಳ ನಡುವೆ ಸಾಲಾಗಿ ನಿಂತ ಮೂರು ಬಾಡಿಗೆ ಮನೆಗಳು ಅವರವು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ, ಗೋಡೆ ಕಟ್ಟಿದ್ದು ಮೇಸ್ತ್ರಿಯಾದರೂ ಪೈಪು ಎಳೆದದ್ದು ತಾವೇ. ನಲ್ಲಿ ಸೋರಲಿ, ಪಂಪು ಕೈಕೊಡಲಿ, ಫೋನು ಬಂದ ಅರ್ಧ ಗಂಟೆಯಲ್ಲಿ ಹಾಜರು. ಜಾಯಿಂಟಿಗೆ ಹತ್ತಿ ನೂಲು ಸುತ್ತಿ ಮೇಲೆ ಕೆಂಪು ಪೇಂಟು ಬಳಿಯುವುದು ಅವರ ಪದ್ಧತಿ. ಈಗಿನವರು ಸುತ್ತುವ ಬಿಳಿ ಟೇಪು ಕಂಡರಂತೂ ಅವರಿಗೆ ಮೈ ಉರಿಯುತ್ತಿತ್ತು. "ಬ್ಯಾಂಡೇಜು ಕಟ್ಟೋಕೆ ಪೈಪಿಗೇನು ಗಾಯ ಆಗಿದ್ಯಾ?" ಎನ್ನುತ್ತಿದ್ದರು.

ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ಪೈಪು ಬಿಗಿಯುವ ಪಾನ ಕೈಗೆ ಹಿಡಿದರೆ ನಡುಕ ತಾನಾಗಿ ನಿಲ್ಲುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಹೇಳಿ ಹೇಳಿ ತಾವೂ ನಂಬಿಬಿಟ್ಟಿದ್ದರು. ನಂಬದೆ ಇರುವುದಕ್ಕೆ ಕಾರಣವೂ ಇರಲಿಲ್ಲ, ಅವರು ಮಾಡಿ ಬಂದ ಕೆಲಸ ಮತ್ತೆ ಕೆಟ್ಟಿದೆ ಎಂದು ಒಬ್ಬರೂ ದೂರಿರಲಿಲ್ಲವಲ್ಲ.

ಮೊದಲು ತಾರಸಿ ಹತ್ತಿದರು. ನೀರು ನಿಲ್ಲಿಸಲು ಟ್ಯಾಂಕಿನ ವಾಲ್ ತಿರುಗಿಸಿದರು, ಜಗ್ಗಲಿಲ್ಲ. ಹಾಳಾದ್ದು ತುಕ್ಕು ಹಿಡಿದಿದೆ ಎಂದು ಬೈದುಕೊಂಡು ಇಳಿದು ಬಂದರು. ಬಚ್ಚಲು ಕತ್ತಲೆ. ಟೈಲರಮ್ಮ ಟಾರ್ಚ್ ಹಿಡಿದಳು. ಗೋಡೆಯ ಪೈಪು ಬಾಗುವ ಕಡೆ ಜಾಯಿಂಟು ಬಿಟ್ಟುಕೊಂಡು ನೀರು ರಭಸವಾಗಿ ಚಿಮ್ಮುತ್ತಿತ್ತು. ಯಜಮಾನರು ಪಾನ ಕೂರಿಸಿದರು, ಜಾರಿತು. ಮತ್ತೆ ಕೂರಿಸಿದರು, ಕೈಯಿಂದಲೇ ಬಿದ್ದುಹೋಯಿತು. ಬಗ್ಗಿ ಹುಡುಕುವಾಗ ಕೆಳಗಿನ ಜಾಯಿಂಟು ಕಣ್ಣಿಗೆ ಬಿತ್ತು. ಹೋದ ಬೇಸಿಗೆಯಲ್ಲಿ ಇದೇ ಕೈಯಿಂದ ನೂಲು ಸುತ್ತಿ ಬಿಗಿದದ್ದು. ಈಗ ಅಲ್ಲಿ ನೂಲಿರಲಿಲ್ಲ, ಕೆಂಪು ಪೇಂಟಿರಲಿಲ್ಲ. ನೀಟಾಗಿ ಸುತ್ತಿದ ಬಿಳಿ ಟೇಪು.

ನಲ್ಲಿಯ ಬುಡ ನೋಡಿದರು, ಟೇಪು. ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗೆ ತಡವಿ ನೋಡಿದರು, ಅಲ್ಲೂ ಅದೇ.

"ಯಾರಮ್ಮಾ ಮಾಡಿದ್ದು ಇದನ್ನ?"

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮನೆ ಅಮ್ಮಾವ್ರೇ ಹೇಳಿದ್ದು ಯಜಮಾನ್ರೇ. 'ಅವ್ರು ಬಂದು ಮಾಡ್ಲಿ, ಆಮೇಲೆ ಮತ್ತೆ ಸೋರಿದ್ರೆ ಅವ್ರಿಗೆ ಹೇಳ್ಬೇಡ, ಈ ಪ್ಲಂಬರಿಗೆ ಫೋನ್ ಮಾಡು' ಅಂತ ನಂಬರ್ ಕೊಟ್ಟಿದ್ರು."

"ಎಷ್ಟು ಸಲ ಕರೆಸಿದ್ದೀಯ?"

ಅವಳು ಟಾರ್ಚಿನ ಬೆಳಕನ್ನು ನೆಲಕ್ಕೆ ತಿರುಗಿಸಿದಳು.

"ಎಷ್ಟು ಸಲ ಅಂತ ಕೇಳ್ದೆ."

"ಪ್ರತಿ ಸಲಾನೂ, ಯಜಮಾನ್ರೇ."

ಹೆಂಡತಿಯ ಮೇಲೆ ಸಿಟ್ಟು ಬರಲಿ ಎಂದು ಯಜಮಾನರು ಕಾದರು. ಬರಲಿಲ್ಲ. ಮನೆಗೆ ಹೋದಾಗಲೆಲ್ಲ ಅವಳು ಟವೆಲ್ ಹಿಡಿದು "ಸರಿಹೋಯ್ತಾ?" ಎಂದು ಕೇಳುತ್ತಿದ್ದಳು. ಇವರು "ನಾನು ಮುಟ್ಟಿದ ಮೇಲೆ ಅದೇನು ಕೇಳೋದು" ಎಂದು ಎದೆಯುಬ್ಬಿಸುತ್ತಿದ್ದರು. ಅವಳು ನಗುತ್ತಿದ್ದಳು. ತಮ್ಮ ದುಡಿಮೆ ಮುಗಿದು ಎಷ್ಟೋ ಕಾಲವಾಗಿತ್ತು, ಊರಿಗೆಲ್ಲ ಗೊತ್ತಿತ್ತು, ತಮಗೊಬ್ಬರಿಗೇ ಗೊತ್ತಿರಲಿಲ್ಲ.

"ಈಗೆಲ್ಲಿದ್ದಾನೆ ಅವನು?"

"ತಿರುವಿನ ಅಂಗಡಿ ಹತ್ರ. ನಿಮ್ಮ ಗಾಡಿ ವಾಪಸ್ ಹೋಗೋದನ್ನ ನೋಡ್ಕೊಂಡು ಬರ್ತಾರೆ."

ಆ ಅಂಗಡಿಯ ಬೆಂಚಿನಲ್ಲಿ ಕೂತು ತಮ್ಮನ್ನು ಕಂಡೊಡನೆ ಎದ್ದು ಕೈಮುಗಿಯುವ ನರೆಗೂದಲಿನವನು ನೆನಪಾದ. ಎಂಥ ಮರ್ಯಾದಸ್ಥ ಅಂದುಕೊಂಡಿದ್ದರು.

ನೀರು ಹೊಲಿಗೆ ಯಂತ್ರದ ಕಾಲಿಗೆ ಬಂದು ಮುಟ್ಟಿತ್ತು. ಮೂಲೆಯಲ್ಲಿ ಇನ್ನೂ ಎರಡು ಗಂಟು ಬಟ್ಟೆ ಉಳಿದಿತ್ತು.

"ಕರೆಯಮ್ಮಾ," ಎಂದರು ಯಜಮಾನರು. "ತಡ ಮಾಡ್ಬೇಡ."

ಪ್ಲಂಬರು ಬಂದವನೇ ಹೊಸ್ತಿಲ ಹೊರಗೆ ನಿಂತ. "ಹೀಗೇ ಈ ಕಡೆ ಹೋಗ್ತಿದ್ದೆ ಯಜಮಾನ್ರೇ, ಏನೋ ನೀರು ಬರ್ತಿರೋದು ಕಾಣಿಸ್ತು…"

"ಸಾಕು ಮಾರಾಯ. ಒಳಗೆ ಬಾ."

ಅವನು ತಾರಸಿಗೆ ಹೋದ ನಿಮಿಷದಲ್ಲೇ ನೀರು ನಿಂತಿತು. ವಾಲ್‌ಗೆ ತುಕ್ಕೇನೂ ಹಿಡಿದಿರಲಿಲ್ಲ. ಇಳಿದು ಬಂದು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಪೈಪು ಬಿಚ್ಚತೊಡಗಿದ. ಟೈಲರಮ್ಮ ಟಾರ್ಚ್ ತಂದಾಗ ಯಜಮಾನರು ಕೈಚಾಚಿದರು.

"ಇಲ್ಲಿ ಕೊಡಮ್ಮಾ. ನೀನು ನಿನ್ನ ಬಟ್ಟೆ ನೋಡ್ಕೋ ಹೋಗು."

ಬೆಳಕು ಪೈಪಿನ ಮೇಲೆ ಬಿತ್ತು, ಗೋಡೆಗೆ ಹಾರಿತು, ಮತ್ತೆ ಪೈಪಿಗೆ ಬಂತು. ಪ್ಲಂಬರು ಟೇಪಿನ ತುದಿ ಹಿಡಿದುಕೊಂಡು ಬೆಳಕು ಒಂದೆಡೆ ನಿಲ್ಲಲೆಂದು ಕಾದ. ಯಜಮಾನರು ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಅದುಮಿ ಹಿಡಿದರು. ಆಗಲೂ ಬೆಳಕು ನಿಲ್ಲಲಿಲ್ಲ.

"ಕಾಣಿಸ್ತಿದ್ಯೇನಪ್ಪಾ?"

"ಚೆನ್ನಾಗಿ ಕಾಣಿಸ್ತಿದೆ ಯಜಮಾನ್ರೇ," ಎಂದ ಪ್ಲಂಬರು, ಜಾಯಿಂಟು ಎಲ್ಲಿದೆಯೆಂದು ಬೆರಳಿನಿಂದ ತಡವುತ್ತ.